ಶನಿವಾರದ ಇಂಗ್ಲಿಷ್ ಪಾಠ

ಮಲೇಷ್ಯಾದ ಸುಬಾಂಗ್ ಜಯಾದ ಆ ಬೀದಿಗೆ ಕಸದ ಲಾರಿ ಮಂಗಳವಾರ ಬೆಳಿಗ್ಗೆ ಏಳಕ್ಕೆ ಬರುತ್ತದೆ. ಯಾರು ಸತ್ತರೂ ಬರುತ್ತದೆ.

ಕಸ ಹೊರಗಿಡುವುದು ಆರು ವರ್ಷದಿಂದ ಕೀರ್ತಿರಾಜನ ಕೆಲಸವಾಗಿತ್ತು. ಈ ಮಂಗಳವಾರ ಅವನ ಹೆಂಡತಿ ಮಯೂರಿ ಹೊರಬಂದಳು. ಕೈಯಲ್ಲಿ ಕಪ್ಪು ಚೀಲ. ಅದರೊಳಗೆ ಬಾಡಿದ ಹಾರಗಳು, ಕಾಗದದ ತಟ್ಟೆಗಳು, ಬಂದವರು ಅರ್ಧ ಕುಡಿದು ಬಿಟ್ಟ ನೀರಿನ ಬಾಟಲಿಗಳು.

ಅಂತ್ಯಕ್ರಿಯೆ ಮುಗಿದು ಒಂಬತ್ತು ದಿನ. ಕಾರ್ಕಳದಿಂದ ಬಂದಿದ್ದ ಅತ್ತೆ ಮಾವ ಅಸ್ಥಿ ತೆಗೆದುಕೊಂಡು ನಿನ್ನೆ ಸಂಜೆ ವಿಮಾನ ಹತ್ತಿದ್ದರು. ನೀನೂ ಬಾ ಎಂದಿದ್ದರು. ತಾನು ಕಲಿಸುವ ತರಗತಿ ಮುಗಿಯಲು ಇನ್ನೂ ಐದು ವಾರ ಇದೆ ಎಂದಿದ್ದಳು. ನಿಜವಾದ ಕಾರಣ ಅವಳಿಗೂ ಗೊತ್ತಿರಲಿಲ್ಲ.

ಗೇಟಿನ ಆಚೆ ಒಬ್ಬ ನಿಂತಿದ್ದ. ಬೂದು ಬಣ್ಣದ ಸಮವಸ್ತ್ರ, ಕಂಕುಳಲ್ಲಿ ಹೆಲ್ಮೆಟ್, ಸುಮಾರು ಮೂವತ್ತೈದು ವಯಸ್ಸಿನ ಚೀನೀ ಗಂಡಸು. ಅಂಗಿಯ ಜೇಬಿನ ಮೇಲೆ ಯಾವುದೋ ಲಿಫ್ಟ್ ಕಂಪನಿಯ ಹೆಸರು.

"ಗುಡ್ ಮಾರ್ನಿಂಗ್. ಡಾಕ್ಟರ್ ಕೀರ್ತಿ ಮನೆ?" ಎಂದು ಇಂಗ್ಲಿಷಿನಲ್ಲಿ ಕೇಳಿದ. ಒಂದೊಂದು ಪದವನ್ನೂ ತೂಗಿ ಇಡುವ ಹಾಗೆ. "ನಾನು ವೈ ಹಾಂಗ್. ಎರಡು ಶನಿವಾರ ಡಾಕ್ಟರ್ ಬರಲಿಲ್ಲ. ಫೋನ್ ಆಫ್. ಹುಷಾರಿಲ್ಲವಾ?"

ಶನಿವಾರ...

ಶನಿವಾರ ಬೆಳಿಗ್ಗೆ ಕೀರ್ತಿರಾಜ್ ತಾನು ಕೆಲಸ ಮಾಡುವ ಮೆಡಿಕಲ್ ಕಾಲೇಜಿಗೆಂದು ಹೊರಡುತ್ತಿದ್ದ. ಪೆಥಾಲಜಿ ಸ್ಲೈಡುಗಳನ್ನು ನೋಡಲಿಕ್ಕಿದೆ ಎನ್ನುತ್ತಿದ್ದ. ಅವಳು ನಂಬಿದ್ದಳು.

"ಎಲ್ಲಿಗೆ ಬರಲಿಲ್ಲ?"

"ಕಾಫಿ ಅಂಗಡಿ. ರೈಲು ಸ್ಟೇಷನ್ ಹಿಂದೆ. ಹತ್ತು ಗಂಟೆ, ಮೂಲೆಯ ಮೇಜು. ಒಂದು ವರ್ಷದಿಂದ, ಪ್ರತಿ ಶನಿವಾರ."

"ಅವರು ತೀರಿಕೊಂಡರು," ಎಂದಳು ಮಯೂರಿ. ಒಂಬತ್ತು ದಿನದಲ್ಲಿ ಈ ಮಾತು ಬಾಯಿಪಾಠವಾಗಿತ್ತು. "ಹೃದಯಾಘಾತ. ಕಾಲೇಜಿನಲ್ಲೇ."

ಅವನ ಮುಖದ ಬಣ್ಣ ಇಳಿಯಿತು. ಕಪ್ಪು ಚೀಲದ ಬಾಯಿಂದ ಇಣುಕುತ್ತಿದ್ದ ಹಾರವನ್ನು ನೋಡಿದ. ಎರಡು ಹೆಜ್ಜೆ ಹಿಂದೆ ಸರಿದ.

"ಒಳಗೆ ಬನ್ನಿ, ಒಂದು ಲೋಟ ನೀರು..."

"ನೋ, ನೋ. ಒಳಗೆ ಬೇಡ. ಸಾರಿ ಮೇಡಂ, ಸಾರಿ."

ಬೈಕ್ ಹೊರಟುಹೋಯಿತು. ಅವನು ತಿರುಗಿಯೂ ನೋಡಲಿಲ್ಲ.

ಮುಟ್ಟಿದರೆ ಅಂಟಿಕೊಳ್ಳುವ ರೋಗ ನಾನು... ಎಂದುಕೊಂಡಳು. ನೋವೇನೂ ಆಗಲಿಲ್ಲ. ಈಗ ಏನೂ ಅನ್ನಿಸುತ್ತಿರಲಿಲ್ಲ. ಅವಳು ಇನ್ನೂ ಅತ್ತಿರಲಿಲ್ಲ.

ಹನ್ನೊಂದು ಗಂಟೆಗೆ ಅತ್ತೆ ಜಲಜಾಕ್ಷಿ ಫೋನ್ ಮಾಡಿದರು.

"ಎಂತ ತಿಂದೆ?"

"ಅವಲಕ್ಕಿ ಅತ್ತೆ."

"ಸುಳ್ಳು ಹೇಳ್ಬೇಡ. ಡಬ್ಬದಲ್ಲಿ ಅವಲಕ್ಕಿ ಮುಗಿದಿತ್ತು, ನಾನೇ ನೋಡಿದ್ದೇನೆ." ಆಮೇಲೆ ದನಿ ತಗ್ಗಿಸಿದರು. "ಮಯೂರಿ, ನನ್ನಿಂದ ನಿನಗೆ ಅನ್ಯಾಯ ಆಯ್ತು ಮಾರಾಯ್ತಿ. ಆಗ ಅವ ಬೇಡ ಅಂದಿದ್ದ. ನಾನೇ ಹಠ ಹಿಡಿದು ಮದುವೆ ಮಾಡಿಸಿದೆ. ಅವ ಹೇಳಿದ ಹಾಗೆ ಬಿಟ್ಟಿದ್ದರೆ ಇವತ್ತು ನೀನು ಹೀಗೆ ಇರ್ತಿರ್ಲಿಲ್ಲ."

ಮಯೂರಿ ಗೋಡೆಗೆ ಒರಗಿದಳು. ಮದುವೆಯ ಮನೆಯಲ್ಲಿ ಯಾರೋ ಹೆಂಗಸರು ಹೀಗೇನೋ ಪಿಸುಗುಟ್ಟಿದ್ದನ್ನು ಅವಳು ಕೇಳಿದ್ದಳು. ಆರು ವರ್ಷ ಅದು ಬರೀ ಪಿಸುಮಾತಾಗಿತ್ತು.

"ಯಾಕೆ ಬೇಡ ಅಂದಿದ್ದರು ಅತ್ತೆ?"

"ನಾನು ಕೇಳ್ಲಿಲ್ಲ. ಈ ಹುಡುಗಿ ಬೇಡ ಅಂದ, ಇದೇ ಆಗ್ಬೇಕು ಅಂದೆ. ಮಾತು ಮುಗೀತು."

ಫೋನಿಟ್ಟ ಮೇಲೆ ಆರು ವರ್ಷಗಳು ಒಂದೊಂದಾಗಿ ಅರ್ಥವಾಗತೊಡಗಿದವು. ಊಟದ ಹೊತ್ತಿಗೆ ತಟ್ಟೆ ನೋಡುತ್ತಾ 'ಹ್ಞೂಂ' ಅನ್ನುತ್ತಿದ್ದ ಗಂಡ. ಹುಟ್ಟುಹಬ್ಬಕ್ಕೆ ಸೀರೆ ತಂದು, ಒಂದು ಮಾತೂ ಆಡದೆ ಮಂಚದ ಮೇಲಿಟ್ಟು ಹೋಗುತ್ತಿದ್ದ ಗಂಡ. ಕೊನೆಗೆ, ಶನಿವಾರ ಹೆಂಡತಿಗೆ ಸುಳ್ಳು ಹೇಳಿ ಯಾವುದೋ ಕಾಫಿ ಅಂಗಡಿಯ ಮೂಲೆಯಲ್ಲಿ ಕೂರುತ್ತಿದ್ದ ಗಂಡ.

ಕರ್ತವ್ಯ ಮಾಡಿದರು. ಒಂದು ದಿನವೂ ಪ್ರೀತಿಸಲಿಲ್ಲ... ಹಾಗಾದರೆ ನಾನು ಯಾರಿಗಾಗಿ ಅಳಬೇಕು?

ಬುಧವಾರ ಅವಳು ತರಗತಿಗೆ ಹೋದಳು.

ಊರಿನಲ್ಲಿ ಕಾಲೇಜು ಉಪನ್ಯಾಸಕಿಯಾಗಿದ್ದವಳು ಇಲ್ಲಿ ದೊಡ್ಡವರಿಗೆ ಇಂಗ್ಲಿಷ್ ಮಾತಾಡಲು ಕಲಿಸುತ್ತಿದ್ದಳು. ಹನ್ನೊಂದು ಜನ, ಎಲ್ಲರೂ ಚೀನೀ ಶಾಲೆಯಲ್ಲಿ ಓದಿದವರು. ಓದಿದರೆ ಅರ್ಥವಾಗುತ್ತದೆ, ಬಾಯಿ ತೆರೆದರೆ ಬರುವುದಿಲ್ಲ.

"ತಲೆಯೊಳಗೆ ಚೀನೀ ವಾಕ್ಯ ಕಟ್ಟಿ ಇಂಗ್ಲಿಷಿಗೆ ಹೊತ್ತು ತರಬೇಡಿ," ಎಂದಳು, ಎಂದಿನಂತೆ. "ಕೈ ಮಾಡುವ ಕೆಲಸವನ್ನು ಬಾಯಿ ಹೇಳಲಿ. ಅಕ್ಕಿ ತೊಳೆಯುವಾಗ ಅಕ್ಕಿ ತೊಳೆಯುತ್ತಿದ್ದೇನೆ ಅಂತ ಇಂಗ್ಲಿಷಿನಲ್ಲೇ ಹೇಳಿಕೊಳ್ಳಿ. ಬಿಡಿ ಪದ ಕಲಿಯಬೇಡಿ, ಪೂರ್ತಿ ಮಾತು ಕಲಿಯಿರಿ."

ಆಮೇಲೆ ಇಬ್ಬಿಬ್ಬರನ್ನು ಎದುರುಬದುರು ಕೂರಿಸಿದಳು. ತನ್ನ ಬದುಕಿನ ಒಂದು ಘಟನೆಯನ್ನು ನಾಲ್ಕು ನಿಮಿಷದಲ್ಲಿ ಹೇಳಬೇಕು. ಅದನ್ನೇ ಮತ್ತೆ ಮೂರು ನಿಮಿಷದಲ್ಲಿ, ಆಮೇಲೆ ಎರಡೇ ನಿಮಿಷದಲ್ಲಿ. ಪ್ರತಿ ಸಲವೂ ತಡವರಿಕೆ ಕಡಿಮೆಯಾಗುತ್ತದೆ. ಕೊನೆಗೆ ಕೇಳಿದವರು ಅದೇ ಕಥೆಯನ್ನು ತಮ್ಮದೇ ಎಂಬಂತೆ, 'ನಾನು' ಎಂದು ತಿರುಗಿ ಹೇಳಬೇಕು. ಮಾತು ನಾಲಗೆಗೆ ಇಳಿಯುವುದು ಆಗಲೇ.

ಸಲೂನ್ ನಡೆಸುವ ಮೇಡಂ ಯಾಪ್ ತರಗತಿ ಮುಗಿದ ಮೇಲೆ ಮೇಜಿನ ಬಳಿ ಬಂದರು. ಒಂದು ಪ್ಲಾಸ್ಟಿಕ್ ಚೀಲ ಇಟ್ಟರು.

"ಟೀಚರ್, ಮಕಾನ್ ಮಾಡಿದಿರಾ, ಊಟ? ಇಲ್ಲ ಅಂತ ಮುಖದಲ್ಲೇ ಇದೆ. ತರಕಾರಿ ನೂಡಲ್ಸ್, ನಿಮಗಾಗಿ ತಪಾವ್, ಅಂಗಡಿಯಿಂದ ಕಟ್ಟಿಸಿ ತಂದದ್ದು. ತಿನ್ನಿ ಲಾ," ಎಂದರು, ಇಲ್ಲಿಯವರ ವಾಡಿಕೆಯ 'ಲಾ' ಸೇರಿಸಿ.

ಯಾಕೋ ಮಯೂರಿ ಅವರಿಗೆ ಗೇಟಿನ ಬಳಿ ಬಂದವನ ವಿಷಯ ಹೇಳಿದಳು. ಒಳಗೆ ಕರೆದರೆ ಓಡಿಹೋದ ಎಂದಳು.

ಮೇಡಂ ಯಾಪ್ ಕೈ ಬೀಸಿದರು. "ಅವನ ಹೆಂಡತಿ ಬಸುರಿ ಇರಬೇಕು. ಹೊಟ್ಟೆಯಲ್ಲಿ ಮಗು ಇದ್ದರೆ ನಮ್ಮಲ್ಲಿ ಸಾವಿನ ಮನೆಯೊಳಗೆ ಕಾಲಿಡಲು ಬಿಡುವುದಿಲ್ಲ. ನನ್ನ ಅತ್ತೆಯಾಗಿದ್ದರೆ ಗೇಟ್ ಮುಟ್ಟಿದ್ದಕ್ಕೂ ಬೈದು, ಬಾಗಿಲಲ್ಲೇ ಸ್ನಾನ ಮಾಡಿಸುತ್ತಿದ್ದಳು. ಪಾಪ, ಅವನಿಗೆ ಇಂಗ್ಲಿಷಿನಲ್ಲಿ ಅದನ್ನು ಹೇಗೆ ಹೇಳಬೇಕೋ ಗೊತ್ತಾಗಿರಲಿಕ್ಕಿಲ್ಲ."

ಶನಿವಾರ ಹತ್ತು ಗಂಟೆಗೆ ಮಯೂರಿ ಸ್ಟೇಷನ್ನಿನ ಹಿಂದಿನ ಬೀದಿಗೆ ಹೋದಳು. ಏನು ಕೇಳಬೇಕೆಂದು ಗೊತ್ತಿತ್ತು. ಇಲ್ಲಿ ಕೂತು ಅವರು ಏನು ಮಾಡುತ್ತಿದ್ದರು? ಮನೆಗಿಂತ ಇಲ್ಲಿ ಏನು ಚೆನ್ನಾಗಿತ್ತು?

ವೈ ಹಾಂಗ್ ಮೂಲೆಯ ಮೇಜಿನಲ್ಲಿ ಒಬ್ಬನೇ ಕೂತಿದ್ದ. ಎದುರಿನ ಕುರ್ಚಿ ಖಾಲಿ. ಅವಳನ್ನು ಕಂಡು ಎದ್ದು ನಿಂತ.

"ಮೇಡಂ, ಆ ದಿನ... ನನ್ನ ಹೆಂಡತಿ..."

"ಗೊತ್ತು. ಯಾವಾಗ ಹೆರಿಗೆ?"

"ಮುಂದಿನ ತಿಂಗಳು." ಅವನ ಭುಜ ಇಳಿಯಿತು. ಅವಳಿಗೂ ಕಾಫಿ ಹೇಳಿದ.

ಅವನು ಕೆಟ್ಟಾಗ ಮಾತ್ರ ಬಂದು ಕಾಲೇಜಿನ ಲಿಫ್ಟುಗಳನ್ನು ರಿಪೇರಿ ಮಾಡುವವನು. ಒಮ್ಮೆ ಕೀರ್ತಿರಾಜ್ ಇಪ್ಪತ್ತು ನಿಮಿಷ ಲಿಫ್ಟಿನೊಳಗೆ ಸಿಕ್ಕಿಕೊಂಡಿದ್ದ. ಹೊರಗಿನಿಂದ ವೈ ಹಾಂಗನಿಗೆ ಹೇಳಲು ಬಂದದ್ದು 'ವೇಟ್, ವೇಟ್' ಮಾತ್ರ. ಬಾಗಿಲು ತೆರೆದಾಗ ವೈ ಹಾಂಗ್ ನಾಚಿ ತಲೆ ತಗ್ಗಿಸಿದ್ದ. ಸೂಪರ್‌ವೈಸರ್ ಆಗಬೇಕಾದರೆ ಇಂಗ್ಲಿಷ್ ಬೇಕು, ಬರುವುದಿಲ್ಲ ಎಂದಿದ್ದ. ಶನಿವಾರ ಬಾ ಎಂದಿದ್ದನಂತೆ ಕೀರ್ತಿರಾಜ್.

"ಡಾಕ್ಟರ್ ಒಳ್ಳೆ ಟೀಚರ್," ಎಂದ ವೈ ಹಾಂಗ್. "ಕೈ ಮಾಡುವುದನ್ನು ಬಾಯಿ ಹೇಳಲಿ. ನಾನು ಲಿಫ್ಟಿನ ಕೆಳಗಿನ ಹೊಂಡದಲ್ಲಿ ಮಾತಾಡಿಕೊಳ್ಳುತ್ತೇನೆ, ಬೋಲ್ಟ್ ಬಿಗಿ ಮಾಡುತ್ತಿದ್ದೇನೆ, ಕೇಬಲ್ ಒರೆಸುತ್ತಿದ್ದೇನೆ. ಜೊತೆಯವರು ನನಗೆ ಹುಚ್ಚು ಅಂತಾರೆ. ಬಿಡಿ ಪದ ಬೇಡ, ಪೂರ್ತಿ ಮಾತು..."

ಮಯೂರಿ ಲೋಟ ಕೆಳಗಿಟ್ಟಳು.

"ಇದನ್ನೆಲ್ಲ ಅವರಿಗೆ ಯಾರು ಹೇಳಿದರು?"

"ನೀವು." ಅವನಿಗೆ ಆಶ್ಚರ್ಯವಾಯಿತು. "ವಾರವಿಡೀ ನೀವು ಊಟದ ಹೊತ್ತಿಗೆ ಹೇಳುತ್ತೀರಂತೆ. ಶನಿವಾರ ಅವರು ನನಗೆ ಹೇಳುತ್ತಿದ್ದರು. ಇದು ನನ್ನದಲ್ಲ, ನನ್ನ ಹೆಂಡತಿಯದು ಅಂತ ಪ್ರತಿ ಸಲ. ನಿಮಗೆ ಹೇಳಬಾರದು ಅಂತಲೂ. ಗೊತ್ತಾದರೆ ನನಗೂ ಮಾರ್ಕು ಹಾಕುತ್ತಾಳೆ ಅನ್ನುತ್ತಿದ್ದರು."

ಹ್ಞೂಂ... ಹ್ಞೂಂ... ತಟ್ಟೆ ನೋಡುತ್ತಾ. ಅವರು ಕೇಳಿಸಿಕೊಳ್ಳುತ್ತಿದ್ದರು. ಒಂದು ಮಾತನ್ನೂ ಬಿಡದೆ.

"ನಾಲ್ಕು ನಿಮಿಷ, ಮೂರು ನಿಮಿಷದ ಅಭ್ಯಾಸವನ್ನೂ ಮಾಡಿಸಿದರಾ?" ಅವಳ ದನಿ ಅವಳಿಗೇ ದೂರದಿಂದ ಕೇಳಿಸಿತು.

"ಮಾಡಿಸಿದರು. ಹೆಂಡತಿಯನ್ನು ಮೊದಲ ಸಲ ನೋಡಿದ ದಿನ, ಅದು ವಿಷಯ. ನನ್ನದು ನಾನು ಹೇಳಿದೆ. ಅವರದು ಅವರು."

ಮಯೂರಿ ಮೇಜಿನ ಅಂಚು ಹಿಡಿದಳು. ಬೇಡ ಅಂದವನು ಆ ದಿನದ ಬಗ್ಗೆ ಏನು ಹೇಳಿರಬಹುದು? ಎದ್ದುಹೋದರೆ ಗೊತ್ತಾಗದೆ ಉಳಿಯುತ್ತದೆ. ಗೊತ್ತಾಗದಿದ್ದರೆ ಜೀವಮಾನವಿಡೀ ಹೀಗೇ, ಕಲ್ಲಿನ ಹಾಗೆ.

"ಅವರ ಕಥೆ ನಿಮಗೆ ಬಾಯಿಗೆ ಬರುತ್ತದಾ?"

"ಬರುತ್ತದೆ. ಆದರೆ ನನಗೆ 'ನಾನು' ಅಂತಲೇ ಬರುತ್ತದೆ. ಹಾಗೇ ಕಲಿತದ್ದು."

"ಹಾಗೇ ಹೇಳಿ."

ವೈ ಹಾಂಗ್ ಕೈಗಳನ್ನು ಮೊಣಕಾಲ ಮೇಲಿಟ್ಟುಕೊಂಡ. ಕಣ್ಣು ಮೇಜಿನ ಮೇಲೆ ನೆಟ್ಟ.

"ನಾನು ಅಮ್ಮನ ಜೊತೆ ಹುಡುಗಿ ನೋಡಲು ಹೋದೆ. ಹುಡುಗಿ ಮನೆಯಲ್ಲಿ ಇರಲಿಲ್ಲ. ನಾವು ಒಂದು ಗಂಟೆ ಕಾದೆವು. ಅಮ್ಮನಿಗೆ ಕೋಪ. ಹುಡುಗಿ ಕಾಲೇಜಿಂದ ಓಡಿ ಬಂದಳು. ಪರೀಕ್ಷೆ ಪೇಪರ್ ತಿದ್ದುತ್ತಿದ್ದಳು. ಹೆಬ್ಬೆರಳಿಗೆ ಕೆಂಪು ಶಾಯಿ. ಕಾಫಿ ಕೊಡುವಾಗ ಸೆರಗಿನಲ್ಲಿ ಬೆರಳು ಮುಚ್ಚಿಕೊಂಡಳು. ನಾನು ನೋಡಿದೆ. ಒಬ್ಬ ಹುಡುಗ ಮೂರು ಸಲ ಫೇಲ್ ಆಗಿದ್ದ, ಇವತ್ತು ಪಾಸಾದ, ಅದಕ್ಕೇ ತಡವಾಯಿತು ಎಂದಳು. ಅದನ್ನು ಹೇಳುವಾಗ ಅವಳ ಮುಖ... ಇಲ್ಲಿ ನನಗೆ ಯಾವತ್ತೂ ಪದ ಸಿಗುವುದಿಲ್ಲ.

"ನಾನು ಮನೆಗೆ ಬಂದು ಅಮ್ಮನಿಗೆ ಬೇಡ ಎಂದೆ. ನಾನು ಮಲೇಷ್ಯಾಕ್ಕೆ ಹೋಗುವವನು. ಈ ಹುಡುಗಿಯನ್ನು ಆ ತರಗತಿಯಿಂದ ಕಿತ್ತು ತರುವುದು ತಪ್ಪು. ಅಮ್ಮ ಕೇಳಲಿಲ್ಲ. ಅಮ್ಮ ಕೇಳದೆ ಇದ್ದದ್ದು ನನಗೆ ಖುಷಿಯಾಯಿತು. ಆ ಖುಷಿಗೆ ಆರು ವರ್ಷದಿಂದ ನಾಚಿಕೆ. ಅದಕ್ಕೇ ಅವಳಿಗೆ ಹೇಳಿಲ್ಲ."

ಅವನು ತಲೆ ಎತ್ತಿದ. "ಮುಗಿಯಿತು. ತಪ್ಪು ಇತ್ತಾ, ಮೇಡಂ?"

ಮಯೂರಿಯ ಕಣ್ಣಿಂದ ನೀರು ಇಳಿಯುತ್ತಿತ್ತು. ಸದ್ದಿಲ್ಲದೆ, ಬಹಳ ಹೊತ್ತು. ಅಂಗಡಿಯ ಮುದುಕಿ ಏನೂ ಕೇಳದೆ ಟಿಶ್ಯೂ ಡಬ್ಬ ತಂದಿಟ್ಟು ಹೋದಳು.

"ಡಾಕ್ಟರ್ ಫೇಲ್," ಎಂದ ವೈ ಹಾಂಗ್ ಮೆಲ್ಲಗೆ. ಅವಳನ್ನು ನಗಿಸಲು ಹೊರಟಿದ್ದ. "ನಾಲ್ಕು, ಮೂರು, ಎರಡು ಆಗಬೇಕಲ್ಲ? ಅವರದು ನಾಲ್ಕು, ಆರು, ಒಂಬತ್ತು. ಪ್ರತಿ ಸಲ ಹೊಸದೇನೋ ನೆನಪಾಗುತ್ತಿತ್ತು. ಟೈಮರ್ ಹೊಡೆದರೂ ನಿಲ್ಲಿಸುತ್ತಿರಲಿಲ್ಲ. ಕೊನೆಗೆ ನನ್ನ ಟೈಮರ್ ಕೇಳಿ ತೆಗೆದುಕೊಂಡು ಹೋದರು. ಮದುವೆಯಾದ ದಿನ ಬರುತ್ತಿದೆ, ಅವತ್ತು ಅವಳಿಗೇ ಹೇಳುತ್ತೇನೆ, ಎರಡು ನಿಮಿಷದೊಳಗೆ ತರಬೇಕು ಎಂದರು."

"ಆ ಟೈಮರ್..."

"ಹೆಂಡತಿಯದು. ಸೂಪ್ ಬೇಯಿಸುವಾಗ ಇಡುವುದು. ಪರವಾಗಿಲ್ಲ ಮೇಡಂ, ನೀವೇ ಇಟ್ಟುಕೊಳ್ಳಿ."

ಮನೆಗೆ ಬಂದು ಹುಡುಕಿದರೆ, ಅದು ಕೀರ್ತಿರಾಜನ ಬಿಳಿ ಕೋಟಿನ ಜೇಬಿನಲ್ಲಿತ್ತು. ಕಾಲೇಜಿನವರು ಕೋಟನ್ನು ಮಡಚಿ ಕಳಿಸಿದ್ದರು, ಅಲ್ಲಿಯವರೆಗೆ ಅವಳು ಬಿಚ್ಚಿರಲಿಲ್ಲ. ಹಳದಿ ಪ್ಲಾಸ್ಟಿಕ್ಕಿನದು, ಕೋಳಿಮರಿಯ ಆಕಾರ. ಮಯೂರಿ ಅದನ್ನು ಒಂದು ವಾರ ಅಡುಗೆಮನೆಯ ಕಿಟಕಿಯ ಬಳಿ ಇಟ್ಟುಕೊಂಡಳು. ಆ ವಾರ ಅತ್ತೆಗೆ ತಾನೇ ಫೋನ್ ಮಾಡಿದಳು. "ಅತ್ತೆ, ನೀವು ಹಠ ಮಾಡಿದ್ದಕ್ಕೆ ಅವರಿಗೆ ಖುಷಿಯಾಗಿತ್ತಂತೆ," ಎಂದಳು. ಆ ಕಡೆಯಿಂದ ಜಲಜಾಕ್ಷಿ, "ಅವಲಕ್ಕಿ ಕಳಿಸ್ತೇನೆ," ಎಂದರು.

ಮರು ಶನಿವಾರ ಅವಳು ಖಾಲಿ ಕುರ್ಚಿಯಲ್ಲಿ ಕೂತಳು. ಟೈಮರನ್ನು ವೈ ಹಾಂಗನ ಕೈಗೆ ಕೊಟ್ಟಳು.

"ನಿಮ್ಮದು. ತಡವಾಯಿತು. ನಿಮ್ಮ ಹೆಂಡತಿಗೆ ಸಾರಿ ಹೇಳಿ."

ಅವನು ಎರಡೂ ಕೈಯಲ್ಲಿ ತೆಗೆದುಕೊಂಡ.

"ಮೇಡಂ... ಆ ದಿನದ ಕಥೆ ನಿಮ್ಮ ಕಡೆಯಿಂದ ನನಗೆ ಗೊತ್ತಿಲ್ಲ. ಹೇಳುತ್ತೀರಾ? ನನಗೆ ಪಾಠವೂ ಆಗುತ್ತದೆ." ಅವನ ಬೆರಳು ಟೈಮರಿನ ತಿರುಗಣೆಗೆ ಹೋಯಿತು. "ಎಷ್ಟಕ್ಕೆ ಇಡಲಿ?"

"ಅದನ್ನು ಚೀಲದೊಳಗೆ ಇಟ್ಟುಬಿಡಿ," ಎಂದಳು ಮಯೂರಿ. "ನನಗೂ ಎರಡು ನಿಮಿಷ ಸಾಲುವುದಿಲ್ಲ."