ಹೊಳೆಮ್ಮನ ಮಡಚುಚಾಕು

"ಆ ಚಾಕು ಕೈಯಾಗ ಹಿಡಕೊಂಡು ಸುಳ್ಳು ಹೇಳಬ್ಯಾಡ್ರಿ ಸಾಹೇಬ್ರ. ಅದಕ್ಕ ನಮ್ಮ ಮಾವ ಮಾಟ ಮಾಡ್ಸ್ಯಾರ."

ನರಹರಿರಾವ್ ಮೂಗಿನಲ್ಲೇ ನಕ್ಕ. ಹಳೆಯ ವಿಲಾಯಿತಿ ಚಾಕುಗಳ ಅಸಲಿ-ನಕಲಿ ಗುರುತಿಸುವುದರಲ್ಲಿ ಮದ್ರಾಸಿನಲ್ಲೆಲ್ಲ ಹೆಸರಾದವನು. ಚಾಕು ಕೊಳ್ಳಲು ಬಂದರೆ, ಕಂಪ್ಲಿಯ ಮಣ್ಣುಗೋಡೆಯ ಮನೆಯಲ್ಲಿ ಹೊಳೆಮ್ಮನೆಂಬ ವಿಧವೆ ತನಗೆ ಬುದ್ಧಿ ಹೇಳುವುದೆ?

"ಯಾರಿಗೆ ಏನಾಯಿತಮ್ಮ?"

"ನನ್ನ ಮೈದುನ ಜಡೆಪ್ಪ. ನೆರೆಮನಿ ಬಂಗಾರ ಕದ್ದು, ಕದ್ದಿಲ್ಲಂತ ಇದನ್ನ ಹಿಡದು ಆಣಿ ಮಾಡಿದ. ಸಾಯೋ ತನಕ ಆ ಕೈ ಬಿಚ್ಚಲಿಲ್ಲ."

"ಲಕ್ವ ಹೊಡೆದಿರಬೇಕು. ನಿಮಗೆ ರೋಗವೂ ದೆವ್ವವೇ!"

ಹೊಳೆಮ್ಮ ಹೊಸ್ತಿಲಾಚೆಗೆ ಸರಿದಳು. ಮಟಮಟ ಮಧ್ಯಾಹ್ನ. ಆದರೂ ಕಿಟಕಿಯಿಲ್ಲದ ಆ ಕೋಣೆಯಲ್ಲಿ ಕತ್ತಲು ಹೆಪ್ಪುಗಟ್ಟಿತ್ತು. ಹರಳೆಣ್ಣೆ ದೀಪದ ಕಮಟು, ದೂರದ ಆಲೆಮನೆಯಿಂದ ಬರುವ ಬೆಲ್ಲದ ಪಾಕದ ವಾಸನೆ, ಎರಡೂ ಬೆರೆತಿದ್ದವು. ಅವನು ಚಾಕು ಬಿಚ್ಚಿ ಭೂತಗನ್ನಡಿ ಹಿಡಿದ. ಅಲಗಿನ ಬುಡದಲ್ಲಿ ತಯಾರಕನ ಮುದ್ರೆ ಸವೆದಿದ್ದರೂ ಸ್ಪಷ್ಟ. ನಕಲಿಗಾರರು ಆಸಿಡ್ಡಿನಿಂದ ಬರಿಸಲಾಗದ, ಹಳೆಯ ಉಕ್ಕಿನ ಬೂದುಬಣ್ಣ. ದೀಪದಲ್ಲಿ ಕಾಯಿಸಿದ ಸೂಜಿಯನ್ನು ಹಿಡಿಗೆ ಒತ್ತಿದ. ಸೆಲ್ಯುಲಾಯ್ಡಿನಂತೆ ಅದು ಕರಗಲಿಲ್ಲ, ಕರ್ಪೂರದ ವಾಸನೆ ಬರಲಿಲ್ಲ. ನಿಜವಾದ ದಂತ! ಕೀಲಿನ ಮೊಳೆಯನ್ನೂ ಯಾರೂ ಮುಟ್ಟಿರಲಿಲ್ಲ. ಇಂಥದ್ದು ಇನ್ನೊಂದು ಮದ್ರಾಸಿನಲ್ಲಿ ಯಾರ ಬಳಿಯೂ ಇಲ್ಲ. ಆದರೂ ಅವನು ಮುಖ ಸಿಂಡರಿಸಿಕೊಂಡ.

"ನಕಲಿ. ಹಳೇ ಕಬ್ಬಿಣವೆಂದು ಕೊಡುವುದಾದರೆ ಒಯ್ಯುತ್ತೇನೆ."

ದೀಪ ಆರಿತು.

ಬಲಗೈಯ ಕಿರುಬೆರಳು ತಾನಾಗಿ ಮಡಚಿಕೊಂಡಿತು. ಆಮೇಲೆ ಉಂಗುರಬೆರಳು. ಮೂಳೆಯೊಳಗಿಂದ ಕಟಕಟ ಸದ್ದು. ಬೆರಳುಗಳು ಅಲಗು ಮಡಚುವ ಸೀಳಿನೊಳಗೆ ಸಿಕ್ಕಿಕೊಂಡವು. ಕೈ ಕೊಡವಿದ. ಚಾಕು ಬೀಳಲಿಲ್ಲ. ಅಲಗು ಮೆಲ್ಲಗೆ ಮಡಚಿಕೊಳ್ಳತೊಡಗಿತು.

"ಖರೇ ಹೇಳ್ರೀ!" ಹೊಳೆಮ್ಮ ಹೊರಗಿಂದ ಚೀರಿದಳು.

"ಗೊಡ್ಡು ಮಂತ್ರಕ್ಕೆ... ನಾನು... ಹೆದರಬೇಕೆ?"

ಅಲಗು ಚರ್ಮಕ್ಕೆ ತಾಗಿತು. ಮಾಂಸಕ್ಕಿಳಿಯಿತು. ಮೂಳೆ ಕತ್ತರಿಸಿತು. ಬಿಸಿ ರಕ್ತ ಮೊಣಕೈವರೆಗೆ ಹರಿಯಿತು.

"ಅಸಲಿ! ಅಸಲಿ ಕಣಮ್ಮ!"

ಚಾಕು ಕಳಚಿ ಬಿತ್ತು. ಎರಡು ಬೆರಳು ಬರೀ ಚರ್ಮದಲ್ಲಿ ಜೋತಾಡುತ್ತಿದ್ದವು. ಹೊಳೆಮ್ಮ ಸೆರಗು ಹರಿದು ಅವನ ಕೈಗೆ ಸುತ್ತಿದಳು, ಮುಖ ನೋಡಲಿಲ್ಲ.

ಸಂಜೆ ಹೊಸಪೇಟೆಯ ಆಸ್ಪತ್ರೆಯಲ್ಲಿ ಡಾಕ್ಟರು ಆ ಬೆರಳುಗಳನ್ನು ತೆಗೆದುಹಾಕಿ, ಹೇಗಾಯಿತೆಂದು ಕೇಳಿದರು. ಮಾಟವೆಂದರೆ ಮದ್ರಾಸಿನ ಗೆಳೆಯರೆಲ್ಲ ನಕ್ಕಾರು.

"ಟಾಂಗಾದ ಚಕ್ರಕ್ಕೆ ಸಿಕ್ಕಿತು," ಎಂದ.

ಚಾಕು ಕಂಪ್ಲಿಯಲ್ಲೇ ಉಳಿದಿತ್ತು. ಆದರೂ ಹೊದಿಕೆಯೊಳಗೆ ಎಡಗೈಯ ಕಿರುಬೆರಳು ಮಡಚಿಕೊಂಡಿತು.

ಡಾಕ್ಟರು ತೆಗೆದ ಬೆರಳುಗಳನ್ನೇ ದಿಟ್ಟಿಸುತ್ತಿದ್ದರು. "ಚಕ್ರಕ್ಕೆ ಸಿಕ್ಕರೆ ಜಜ್ಜಿಹೋಗಬೇಕಲ್ರೀ? ಇದು ಕೊಯ್ದಂಗ ಐತಿ."

ನರಹರಿರಾವ್ ಬೆವೆತ. ನಿಜ ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡ.

"ಚಕ್ರಕ್ಕೇ," ಎಂದ.

ಉಂಗುರಬೆರಳೂ ಮಡಚಿಕೊಂಡಿತು.