ಮೂವತ್ತಾರು ಪರ್ಸೆಂಟ್

ಜಗನ್‌ನ ಗಾಡಿ ಅಮೃತಹಳ್ಳಿ ಮುಖ್ಯರಸ್ತೆಯಿಂದ ಒಳಕ್ಕೆ ತಿರುಗುವಷ್ಟರಲ್ಲಿ ಕಲಾವತಿ ಮೇಲಿನ ಶೆಲ್ಫಿನಿಂದ ಡಿಸ್ಟಿಲ್ಡ್ ವಾಟರ್ ಕ್ಯಾನ್ ಇಳಿಸಿ, ಮೊಬೈಲನ್ನೇ ಕನ್ನಡಿ ಮಾಡಿಕೊಂಡು ಹಣೆಯ ಮೇಲಿನ ಗ್ರೀಸ್ ಒರೆಸಿಕೊಂಡಿದ್ದಳು. ಮೂವತ್ತೇಳು ವರ್ಷದ ಹೆಂಗಸು, ಬ್ಯಾಟರಿ ಅಂಗಡಿಯ ಯಜಮಾನಿ, ಒಂದು ಪಿಕಪ್ಪಿನ ಹಾರ್ನ್ ಕೇಳಿ ಹೀಗೆ ದಡಬಡಿಸಬಹುದೇ ಎಂದು ಯಾರಾದರೂ ಕೇಳಬಹುದಿತ್ತು. ಪುಣ್ಯಕ್ಕೆ ಯಾರೂ ಕೇಳಿರಲಿಲ್ಲ.

ಅದು ಎಲ್ಲರ ಪಿಕಪ್ಪಿನಂಥದ್ದಲ್ಲ. ಹಿಂದೆ ಸಾಮಾನು ತುಂಬುವ ಜಾಗದಲ್ಲಿ ಪುಟ್ಟದೊಂದು ತಗಡಿನ ಕೋಣೆ, ಅದರೊಳಗೆ ಮಂಚ, ಫ್ಯಾನು, ಫ್ರಿಡ್ಜು. ಜಗನ್ ಜಿಲ್ಲೆ ಜಿಲ್ಲೆ ಸುತ್ತಿ ಬೋರ್‌ವೆಲ್ ನೀರಿನ ಸ್ಯಾಂಪಲ್ ತಂದು ಲ್ಯಾಬಿಗೆ ಕೊಡುವವನು. ಸ್ಯಾಂಪಲ್ ತಣ್ಣಗಿರಬೇಕು, ತನಗೆ ಮಲಗಲು ಜಾಗ ಬೇಕು ಎಂದು ಈ ಗಾಡಿ ಕಟ್ಟಿಸಿಕೊಂಡಿದ್ದ. ಒಳಗಿನ ಕರೆಂಟಿಗೆಲ್ಲ ಮಂಚದ ಕೆಳಗಿನ ಎರಡು ಲೆಡ್ ಆಸಿಡ್ ಬ್ಯಾಟರಿಗಳೇ ಗತಿ. ಅವುಗಳಿಗೆ ಆಗಾಗ ನೀರು ತುಂಬಬೇಕು. ಮೂರು ವರ್ಷದಿಂದ, ಪ್ರತಿ ಟ್ರಿಪ್ ಮುಗಿದ ಮೇಲೆ, ಅದಕ್ಕೆಂದೇ ಇಲ್ಲಿಗೆ ಬರುತ್ತಿದ್ದ.

"ಏನ್ ಸಾರ್, ಈ ಸಲ ನಲವತ್ತು ದಿನ? ಬ್ಯಾಟರಿ ಬಾಯಾರಿ ಸತ್ತೇ ಹೋಗಿರ್ಬೇಕು."

ಬೇರೆ ದಿನವಾಗಿದ್ದರೆ "ಬ್ಯಾಟರಿಗಿಂತ ಮುಂಚೆ ಡ್ರೈವರ್ ಸಾಯ್ತಿದ್ದ ಮೇಡಂ" ಎನ್ನುತ್ತಿದ್ದ. ಹಾಗೆಂದು ಅವಳ ಮುಖವನ್ನು ಒಂದು ಗಳಿಗೆ ನೋಡಿ, ಸಿಕ್ಕಿಬಿದ್ದವನಂತೆ ಗೋಡೆಯ ಕ್ಯಾಲೆಂಡರ್ ಕಡೆ ತಿರುಗುತ್ತಿದ್ದ. ಆ ಕ್ಯಾಲೆಂಡರನ್ನು ಅವನಷ್ಟು ಓದಿದವರು ಅಮೃತಹಳ್ಳಿಯಲ್ಲಿ ಇನ್ನೊಬ್ಬರಿಲ್ಲ. ಇವತ್ತು ಅವನು ಅವಳ ಕೈಯಲ್ಲಿದ್ದ ಕ್ಯಾನನ್ನೇ ನೋಡುತ್ತ ನಿಂತ.

"ನೀರು ಬೇಡ ಕಲಾವತಿಯವ್ರೇ. ಲಿಥಿಯಂ ಹಾಕ್ಬಿಡಿ."

ಲಿಥಿಯಂ ಬ್ಯಾಟರಿಗೆ ನೀರು ಬೇಕಿಲ್ಲ. ಒಮ್ಮೆ ಕೂರಿಸಿದರೆ ಹತ್ತು ವರ್ಷ ಅದರ ತಂಟೆಗೆ ಹೋಗಬೇಕಿಲ್ಲ. ಅಂದರೆ ಅವನು ಇಲ್ಲಿಗೆ ಬರಬೇಕಿಲ್ಲ.

ಈ ಮಾತನ್ನು ಅವನು ಮೊದಮೊದಲು ಎರಡು ಸಲ ಎತ್ತಿದ್ದ. ಎರಡು ಸಲವೂ ಅವಳು, "ಅಯ್ಯೋ ಬೇಡ ಕಣ್ರೀ, ತಗಡಿನ ಗಾಡಿ, ನಮ್ ಬಿಸಿಲು, ಹೊತ್ಕೊಂಡ್ ಉರಿಯುತ್ತೆ" ಎಂದು ಬಾಯಿ ಮುಚ್ಚಿಸಿದ್ದಳು. ಅದು ಶುದ್ಧ ಸುಳ್ಳು. ಗಾಡಿಗೆ ಹಾಕುವ ಜಾತಿಯ ಲಿಥಿಯಂ ಹಾಗೆಲ್ಲ ಹೊತ್ತಿಕೊಳ್ಳುವುದಿಲ್ಲ ಎಂದು ಟ್ರೇನಿಂಗಿಗೆ ಹೋಗಿ ಕಲಿತು ಬಂದವಳು ಅವಳು. ಆದರೆ ನಿಜ ಹೇಳಿದ್ದರೆ ತಿಂಗಳಿಗೊಮ್ಮೆ ಬರುವ ಆ ಒಂದು ಗಂಟೆಯೂ ಹೋಗುತ್ತಿತ್ತು. ಪ್ರೀತಿಸಿದ್ದಳು, ಮತ್ತೇನು? ಹೇಳುವ ಧೈರ್ಯವಿಲ್ಲದವರು ನೀರು ತುಂಬುತ್ತಾರೆ.

"ಯಾಕೆ, ಇದ್ದಕ್ಕಿದ್ದಂಗೆ?"

ಜಗನ್ ಹೇಳಿದ. ಹೇಳುವಾಗ ಅವನ ದನಿ ಏರಲೂ ಇಲ್ಲ, ಇಳಿಯಲೂ ಇಲ್ಲ.

ಅವನ ತಾಯಿ ನಾರಾಯಣಮ್ಮ ಇಲ್ಲೇ ಹತ್ತಿರದ ಸಿಂಗಾಪುರ ಎಂಬ ಹಳೇ ಊರಿನವರು. ಶ್ವಾಸಕೋಶದ ತೊಂದರೆ, ರಾತ್ರಿ ಮಲಗುವಾಗ ಆಕ್ಸಿಜನ್ ಮಷೀನ್ ಬೇಕು. ಹೊಸಪೇಟೆಯಲ್ಲಿರುವ ಮಗಳನ್ನು ನೋಡಬೇಕೆಂದು ಹಟ ಹಿಡಿದಾಗ ಜಗನ್ ಹೊರಡುವ ಹಿಂದಿನ ದಿನ ಕಲಾವತಿಗೆ ಫೋನ್ ಮಾಡಿ, ಅಮ್ಮನ ಮಷೀನ್ ಗಾಡಿಯಲ್ಲಿ ಓಡುತ್ತದೆಯೇ ಎಂದು ಕೇಳಿದ್ದ. "ಓಡುತ್ತೆ, ಓಡುತ್ತೆ. ಬನ್ನಿ, ನೀರು ತುಂಬ್ಕೊಡ್ತೀನಿ" ಎಂದಿದ್ದಳು. ರಾತ್ರಿ ಹಿರಿಯೂರಿನ ಆಚೆ ಗಾಡಿ ನಿಲ್ಲಿಸಿ ತಾಯಿಯನ್ನು ಮಂಚದಲ್ಲಿ ಮಲಗಿಸಿ, ತಾನು ಮುಂದಿನ ಸೀಟಿನಲ್ಲಿ ಒರಗಿದ್ದ. ನಾಲ್ಕೇ ಗಂಟೆಯಲ್ಲಿ ಬ್ಯಾಟರಿ ಕೈಕೊಟ್ಟು ಮಷೀನ್ ನಿಂತಿತು. ಅವನಿಗೆ ಎಚ್ಚರವಾದಾಗ ನಾರಾಯಣಮ್ಮನ ತುಟಿ ನೀಲಿಯಾಗಿತ್ತು.

"ಆಸ್ಪತ್ರೇಲಿ ಹನ್ನೆರಡು ದಿನ ಇದ್ರು. ಉಳ್ಕೊಂಡ್ರು. ಆದ್ರೆ ಮುಂಚೆ ರಾತ್ರಿ ಮಾತ್ರ ಬೇಕಿತ್ತು ಮಷೀನು. ಈಗ ಹಗಲೂ ಬೇಕು. ಇನ್ನು ಹಿಂಗೇ ಅಂದ್ರು ಡಾಕ್ಟ್ರು."

ಹೆಬ್ಬಾಳದ ಧೂಳಿನಲ್ಲಿ ಇಟ್ಟುಕೊಳ್ಳಬೇಡಿ ಎಂದೂ ಹೇಳಿದ್ದರಂತೆ. ತಾಯಿಯನ್ನು ಹೊಸಪೇಟೆಯ ಅಕ್ಕನ ಮನೆಗೆ ಸೇರಿಸುವುದೆಂದು ತೀರ್ಮಾನಿಸಿ, ತಾನೂ ಬಳ್ಳಾರಿಯ ಲ್ಯಾಬಿಗೆ ವರ್ಗ ಮಾಡಿಸಿಕೊಂಡಿದ್ದ. ಇದು ಇಲ್ಲಿಂದ ಕೊನೆಯ ಪ್ರಯಾಣ. ದಾರಿಯಲ್ಲಿ ಏನೇ ಆಗಿ ಗಾಡಿ ನಿಂತರೂ ಮಷೀನ್ ಹತ್ತು ಗಂಟೆ ಓಡಬೇಕು. ಅಷ್ಟು ಮಾಡಿಕೊಟ್ಟರೆ ಸಾಕು ಎಂದ.

ಬಾಗಿಲ ಬಳಿಯ ಕುರ್ಚಿಯಲ್ಲಿ ಕಲಾವತಿಯ ಅಪ್ಪ ಕೂತಿದ್ದರು. ಪಾರ್ಶ್ವವಾಯು ಹೊಡೆದು ಬಲಗೈ ಬಿದ್ದುಹೋಗಿದ್ದರೂ ಕಿವಿ ಚುರುಕು. ಬ್ಯಾಟರಾಯಪ್ಪ ಎಂಬ ಹೆಸರಿನವರು ಬ್ಯಾಟರಿ ಅಂಗಡಿ ಇಟ್ಟರೆ ಊರು ಸುಮ್ಮನಿರುತ್ತದೆಯೇ, ನಲವತ್ತು ವರ್ಷ ಅವರನ್ನು ಆಡಿಕೊಂಡು ನಕ್ಕಿತ್ತು. ಅವರ ಒಂದು ಕಟ್ಟಳೆಗೆ ಮಾತ್ರ ಯಾರೂ ನಗುತ್ತಿರಲಿಲ್ಲ. ಗಾಡಿಯಲ್ಲಿ ಏನೇನು ಓಡಬೇಕು, ಎಷ್ಟು ವ್ಯಾಟು, ಎಷ್ಟು ಹೊತ್ತು ಎಂದು ಹಳೇ ಕ್ಯಾಲೆಂಡರ್ ಹಾಳೆಯ ಹಿಂದೆ ಬರೆದು ಲೆಕ್ಕ ಹಾಕದೆ ಆ ಅಂಗಡಿಯಲ್ಲಿ ಯಾರಿಗೂ 'ಓಡುತ್ತೆ' ಎನ್ನುವಂತಿಲ್ಲ.

"ಪಟ್ಟಿ ಬರ್ದಿದ್ಯಾ ಕಲಾ, ಅವತ್ತು?" ತೊದಲುತ್ತಲೇ ಕೇಳಿದರು.

ಬರೆದಿರಲಿಲ್ಲ. ಎಲ್ಲರಿಗೂ ಬರೆಯುವವಳು ಅವನೊಬ್ಬನಿಗೆ ಬರೆದಿರಲಿಲ್ಲ. ಅವನು ಫೋನ್ ಮಾಡಿದ, ನಾಳೆ ಬರುತ್ತಾನೆ ಎಂಬ ಖುಷಿಯಲ್ಲಿ ಮಷೀನ್ ಎಷ್ಟು ವ್ಯಾಟಿನದು ಎಂದೇ ಕೇಳಿರಲಿಲ್ಲ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎನ್ನುತ್ತಾರಲ್ಲ, ಹಾಗೆ ಅವಳು ಈಗ ಪೆನ್ಸಿಲ್ ಹುಡುಕಿದಳು.

ಕೆಲಸಕ್ಕೆ ನಾಲ್ಕು ದಿನ ಹಿಡಿಯಿತು. ಹಳೆಯದನ್ನು ಎತ್ತಿ ಹೊಸದನ್ನು ಇಟ್ಟರೆ ಆಗುವ ಕೆಲಸವಲ್ಲ ಅದು. ಎಂಜಿನ್ನಿನಿಂದ ನೇರವಾಗಿ ಚಾರ್ಜ್ ಮಾಡಲು ಬಿಟ್ಟರೆ ಲಿಥಿಯಂ ಗಬಗಬನೆ ಕರೆಂಟ್ ಎಳೆದು ಅದನ್ನು ಹುಟ್ಟಿಸುವ ಆಲ್ಟರ್ನೇಟರನ್ನೇ ಸುಟ್ಟುಬಿಡುತ್ತದೆ. ನಡುವೆ ಬೇರೆ ಚಾರ್ಜರ್ ಕೂರಿಸಬೇಕು. ಹಳೇ ವೈರು ಸಾಲದು, ದಪ್ಪ ಕೇಬಲ್ ಎಳೆಯಬೇಕು. ಫ್ಯೂಸು, ಇನ್ವರ್ಟರು, ಎಷ್ಟು ಪರ್ಸೆಂಟ್ ಉಳಿದಿದೆ ಎಂದು ತೋರಿಸುವ ಮೀಟರು, ಎಲ್ಲವೂ ಹೊಸದು. ಕಲಾವತಿ ಒಂದೊಂದು ನಟ್ಟನ್ನೂ ಮೂರು ಮೂರು ಸಲ ಬಿಗಿದು ನೋಡಿದಳು. ಒಂದೊಂದು ಸುತ್ತಿಗೂ ಅವನು ಇನ್ನಷ್ಟು ದೂರವಾಗುತ್ತಿದ್ದ. ಅದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಆದರೂ ಕೈ ಸಡಿಲ ಬಿಡಲಿಲ್ಲ.

ಐದನೆಯ ದಿನ ಭಾನುವಾರ, ಪರೀಕ್ಷೆ. ಗಾಡಿಯ ನೆತ್ತಿಯ ಮೇಲಿನ ಸೋಲಾರ್ ಪ್ಯಾನೆಲ್ಲಿನ ವೈರು ಬಿಡಿಸಿ, ಎಂಜಿನ್ ಆರಿಸಿ, ಬರೀ ಬ್ಯಾಟರಿಯ ಮೇಲೆ ಬೆಳಗ್ಗೆ ಎಂಟರಿಂದ ಸಂಜೆ ಆರರವರೆಗೆ ಮಷೀನ್ ಓಡಿಸಬೇಕು. ಇದ್ದಿದ್ದು ಒಂದೇ ಮಷೀನ್, ಅದು ಇರುವಲ್ಲಿ ನಾರಾಯಣಮ್ಮನೂ ಇರಬೇಕು. ಮಗನ ತೋಳು ಹಿಡಿದು ಗಾಡಿ ಹತ್ತಿದ ಮುದುಕಿ ಮೂಗಿನ ಕೊಳವೆ ಸರಿಮಾಡಿಕೊಂಡು ಕಲಾವತಿಯನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

"ನೀನೇನವ್ವ ಕರೆಂಟ್ ಕೆಲ್ಸ ಮಾಡೋಳು? ಎಣ್ ಮಗ್ಳು ಇಂಗೆ ಸ್ಪ್ಯಾನರ್ ಇಡ್ಕಂಡ್ರೆ ಮದ್ವೆ ಎಲ್ಲಿಂದ ಆಗ್ತದೆ?"

"ಸ್ಪ್ಯಾನರ್ ನೋಡಿ ಓಡೋಗೋ ಗಂಡು ನಂಗ್ಯಾಕಮ್ಮ?"

"ಅದೂ ಸರಿ ಅನ್ನು," ಎಂದು ನಕ್ಕ ನಾರಾಯಣಮ್ಮನಿಗೆ ನಗು ಮುಗಿಯುವ ಮೊದಲೇ ಕೆಮ್ಮು ಬಂತು. ಕಲಾವತಿ ಮುಖ ತಿರುಗಿಸಿದಳು.

ಒಂಬತ್ತಕ್ಕೆ ಮೀಟರಿನಲ್ಲಿ ತೊಂಬತ್ತಮೂರು ಪರ್ಸೆಂಟ್. ಹತ್ತಕ್ಕೆ ಎಂಬತ್ತೇಳು. ಗಾಡಿಯ ಹಿಂಬಾಗಿಲ ಮೆಟ್ಟಿಲಲ್ಲಿ ಜಗನ್ ಮತ್ತು ಕಲಾವತಿ ಕೂತಿದ್ದರು, ನಡುವೆ ಒಂದು ಮೊಳ ಜಾಗ. ಜಕ್ಕೂರಿನ ಫ್ಲೈಯಿಂಗ್ ಸ್ಕೂಲಿನ ಪುಟ್ಟ ವಿಮಾನಗಳು ತಲೆಯ ಮೇಲೆ ಗುರ್ರೆನ್ನುತ್ತ ಸುತ್ತು ಹಾಕುತ್ತಿದ್ದವು. ಮೂರು ವರ್ಷದಲ್ಲಿ ಒಟ್ಟಿಗೆ ಇಷ್ಟು ಹೊತ್ತು ಅವನು ಅವಳ ಪಕ್ಕದಲ್ಲಿ ಕೂತದ್ದೇ ಇಲ್ಲ. ಅವನ ಶರ್ಟಿನ ಎರಡನೇ ಗುಂಡಿ ಬೇರೆ ಬಣ್ಣದ್ದು, ಎಡಗಿವಿಯ ಹಿಂದೊಂದು ಮಚ್ಚೆ. ಇಂಥ ಸಂಗತಿಗಳನ್ನೆಲ್ಲ ಅವಳು ಇವತ್ತು ಕಂಡುಹಿಡಿದಳು. ಇಂಥ ದಿನವೇ ಯಾಕೆ ಕಂಡವೋ ಎಂದು ಬೈದುಕೊಂಡಳು.

ಮಧ್ಯಾಹ್ನ ಅವಳು ತಂದಿದ್ದ ಚಿತ್ರಾನ್ನವನ್ನು ಮೂವರೂ ತಿಂದರು. ಬ್ಯಾಟರಾಯಪ್ಪನವರಿಗೆ ಅವಳೇ ತುತ್ತು ಇಟ್ಟು ಬಂದಳು. ಜಗನ್ ಅದನ್ನು ನೋಡುತ್ತಿದ್ದ. ಅವಳು ಈ ಅಂಗಡಿ ಬಿಟ್ಟು ಬರಲಾಗದವಳು ಎಂದು ಯಾರೂ ಅವನಿಗೆ ಬಿಡಿಸಿ ಹೇಳಬೇಕಿರಲಿಲ್ಲ.

ಮೂರು ಗಂಟೆಗೆ ಐವತ್ತೈದು. ನಾರಾಯಣಮ್ಮ ನಿದ್ದೆ ಹೋಗಿದ್ದರು, ಮಷೀನ್ ಬುಸ್ ಬುಸ್ ಎನ್ನುತ್ತಿತ್ತು. ಇನ್ನು ತಡೆಯಲಾರದೆ ಕಲಾವತಿ ಹೇಳಿಬಿಟ್ಟಳು.

"ಲಿಥಿಯಂ ಉರಿಯುತ್ತೆ ಅಂದಿದ್ನಲ್ಲ, ಅದು ಸುಳ್ಳು. ನಿಮ್ಗೆ ಅವತ್ತೇ ಹಾಕ್ಕೊಡ್ಬೋದಿತ್ತು. ಹಾಕಿದ್ರೆ ನೀವು ಬರ್ತಿರ್ಲಿಲ್ಲ. ಅದಕ್ಕೆ ಹೇಳ್ದೆ. ಅಮ್ಮನ ಈ ಸ್ಥಿತಿಗೆ ನಾನೇ ಕಾರಣ."

ಬೈಯುತ್ತಾನೆ ಎಂದುಕೊಂಡಳು. ಎದ್ದು ಹೋಗುತ್ತಾನೆ ಎಂದುಕೊಂಡಳು. ಬೈದರೆ ಸಾಕು ಎಂದು ಕಾದಳು.

"ಗೊತ್ತಿತ್ತು," ಎಂದ ಜಗನ್.

"ಏನು?"

"ಜಾಫರ್ ಭಾಯಿ ಐಸ್‌ಕ್ರೀಂ ಗಾಡಿಗೆ ಲಿಥಿಯಂ ಕೂರಿಸ್ತಿದ್ರಲ್ಲ ನೀವು, ಹೋದ್ವರ್ಷ. ಟಾರ್ಚ್ ಹಿಡ್ಕೊಂಡು ನಿಂತಿದ್ದು ನಾನೇ ಅಲ್ವಾ? ನಂಗೆ ಉರಿಯೋದು ಅವ್ರಿಗೆ ಉರಿಯಲ್ವಾ ಅಂತ ಕೇಳ್ಲಿಲ್ಲ ನಾನು. ಕೇಳಿದ್ರೆ ನೀವು ಹಾಕ್ಬಿಡ್ತೀರ ಅಂತ ಭಯ. ಬ್ಯಾಟರಿಗೆ ನೀರು ಹಾಕೋಕೂ ಬರ್ದೇ ಇರೋಷ್ಟು ದಡ್ಡ ಅಲ್ಲ ಕಲಾವತಿಯವ್ರೇ ನಾನು."

ಅವಳಿಗೆ ನಗು ಬಂತು, ಅದರ ಬೆನ್ನಿಗೇ ಅಳು. ಮೂರು ವರ್ಷ ಇಬ್ಬರೂ ಕಣ್ಣು ಮುಚ್ಚಿ ಹಾಲು ಕುಡಿದ ಬೆಕ್ಕುಗಳು. ಇಷ್ಟು ದಿನ ಕೇಳಬೇಕೆಂದು ಹಂಬಲಿಸಿದ್ದ ಮಾತು ಕೊನೆಗೂ ಕಿವಿಗೆ ಬಿದ್ದಿತ್ತು. ಅದನ್ನು ಎದೆಗೆ ಅಪ್ಪಿಕೊಳ್ಳುವ ಹಾಗೆ ಇರಲಿಲ್ಲ.

"ನೀವೊಬ್ರೇ ಮಾಡಿದ್ರೆ ಯಾವಾಗ್ಲೋ ಕ್ಷಮಿಸ್ಬಿಡ್ತಿದ್ದೆ," ಎಂದ ಅವನು, ಒಳಗೆ ಮಲಗಿದ್ದ ತಾಯಿಯ ಪಾದದ ಕಡೆ ನೋಡುತ್ತ. "ಇಬ್ರೂ ಸೇರಿ ಮಾಡಿದ್ದನ್ನ ಯಾರು ಕ್ಷಮಿಸ್ತಾರೆ ಹೇಳಿ? ಅಮ್ಮ ಕೆಮ್ಮಿದಾಗೆಲ್ಲ ಈ ಅಂಗಡಿ ನೆನಪಾಗುತ್ತೆ ನಂಗೆ. ನಿಮ್ಮ ಮುಖ ನೆನಪಾಗುತ್ತೆ. ಖುಷಿಯಾಗುತ್ತೆ, ಆಮೇಲೆ ನಾಚ್ಕೆ ಆಗುತ್ತೆ. ಇದನ್ನ ಇಟ್ಕೊಂಡು ನಿಮ್ಮನ್ನ ಏನಂತ ಕೇಳ್ಲಿ?"

"ಕೇಳ್ಬೇಡಿ," ಎಂದಳು. "ಕೇಳಿದ್ರೆ ನಾನು ಹೂಂ ಅಂದ್ಬಿಡ್ತೀನಿ. ಆಮೇಲೆ ದಿನಾ ಅಮ್ಮನ ಮುಖ ಹೆಂಗ್ ನೋಡ್ಲಿ?"

ಅವನು ಕೇಳಲಿಲ್ಲ. ಅವನ ಕೈ ಮೆಟ್ಟಿಲ ಮೇಲೆ ಅವಳ ಕೈ ಪಕ್ಕ ಬಂದು ಕೂತಿತು. ಕಿರುಬೆರಳು ಕಿರುಬೆರಳಿಗೆ ತಾಗಿತು. ಇಬ್ಬರೂ ತೆಗೆಯಲಿಲ್ಲ. ನಾಲ್ಕಕ್ಕೆ ನಲವತ್ತೊಂಬತ್ತು, ಐದಕ್ಕೆ ನಲವತ್ತೆರಡು.

ಐದೂವರೆಗೆ ನಾರಾಯಣಮ್ಮ ಎದ್ದರು. ಬೆರಳಿಗೆ ಸಿಕ್ಕಿಸಿದ್ದ ಪುಟ್ಟ ಯಂತ್ರದಲ್ಲಿ ಆಮ್ಲಜನಕ ಸರಿಯಾಗಿತ್ತು. ಕಲಾವತಿಯನ್ನು ಹತ್ತಿರ ಕರೆದು ಕೆನ್ನೆ ನೇವರಿಸಿ ನೆಟಿಗೆ ತೆಗೆದರು.

"ಅವತ್ತು ಆ ಆಳಾದ್ ಬ್ಯಾಟರಿ ಕೈ ಕೊಡ್ತು ಕಣವ್ವ. ನೀನ್ ಆಕಿರೋದು ನೋಡು, ಅಲ್ಲಾಡ್ಲಿಲ್ಲ. ನಿನ್ ಒಟ್ಟೆ ತಣ್ಣಗಿರ್ಲಿ. ಒಳ್ಳೇ ಮನೆ ಸೇರು."

ಆ ಹಾಳಾದ ಬ್ಯಾಟರಿಗೆ ನೀರು ತುಂಬುತ್ತ ಬಂದ ಕೈ ಯಾವುದೆಂದು ಮುದುಕಿಗೆ ತಿಳಿಯದು. ಬಾಯಿ ತೆರೆದ ಕಲಾವತಿಗೆ ಜಗನ್ ಕಣ್ಣಲ್ಲೇ ಬೇಡ ಎಂದ. ತನ್ನದಲ್ಲದ ಹಾರೈಕೆಯನ್ನು ಅವಳು ತಲೆ ತಗ್ಗಿಸಿ ಹೊತ್ತುಕೊಂಡಳು.

ಆರು ಗಂಟೆ. ಮೀಟರಿನಲ್ಲಿ ಮೂವತ್ತಾರು ಪರ್ಸೆಂಟ್.

"ಇನ್ನೂ ಇದೆ," ಎಂದ ಜಗನ್. ಮೀಟರ್ ನೋಡುತ್ತಿರಲಿಲ್ಲ ಅವನು, ಅವಳನ್ನೇ ನೋಡುತ್ತಿದ್ದ. "ಪೂರ್ತಿ ಖಾಲಿಯಾಗೋವರ್ಗೂ ಓಡ್ಸಿ ನೋಡೋಣ್ವಾ? ಎಷ್ಟೊತ್ತು ಬರುತ್ತೆ ಅಂತ ಗೊತ್ತಾಗ್ಬೇಕಲ್ವಾ? ನೋಡ್ಲೇಬೇಕು ಅಂತ ನೀವು ಹೇಳಿದ್ರೆ ಇರ್ತೀನಿ."

ಇನ್ನೂ ಐದೂವರೆ ಗಂಟೆ. ಇದೇ ಮೆಟ್ಟಿಲು, ಇದೇ ಕಿರುಬೆರಳು. 'ಹೌದು, ನೋಡ್ಲೇಬೇಕು' ಎಂದರೆ ಸಾಕಿತ್ತು. ಅವನು ನಂಬಿದ ಹಾಗೆ ಮಾಡುತ್ತಿದ್ದ, ಅವಳು ನಂಬಿಸಿದ ಹಾಗೆ ಮಾಡುತ್ತಿದ್ದಳು. ಇಬ್ಬರಿಗೂ ಅದು ಅಭ್ಯಾಸವಾಗಿತ್ತು. ಒಳಗೆ ನಾರಾಯಣಮ್ಮ ಸೊಂಟ ನೋಯುತ್ತದೆಂದು ಮಗ್ಗುಲು ಬದಲಿಸಿದರು.

"ಬೇಕಾಗಿಲ್ಲ," ಎಂದಳು ಕಲಾವತಿ. "ಲೆಕ್ಕ ಸರಿಯಾಗಿದೆ. ಮನೆಗೆ ಹೋಗಿ ಚಾರ್ಜಿಗೆ ಹಾಕಿ, ಬೆಳಗ್ಗೆ ಫುಲ್ ಆಗಿರುತ್ತೆ. ಇನ್ನು ಇದಕ್ಕೆ ಯಾರ ಹತ್ರಾನೂ ಬರ್ಬೇಕಾಗಿಲ್ಲ ನೀವು."

ಲಿಥಿಯಂ ಹಾಕಿಸಲೇ ಎಂದು ಕೇಳಿದಾಗಲೆಲ್ಲ ಅವನಿಗೆ ಸಿಗದಿದ್ದ ನಿಜವಾದ ಉತ್ತರ ಅದು. ಜಗನ್ ಎದ್ದು, ಹಿಂಬಾಗಿಲು ಹಾಕಿ, ಚಿಲಕ ಬಿದ್ದಿದೆಯೇ ಎಂದು ಎಳೆದು ನೋಡಿ, ಗಾಡಿ ಸ್ಟಾರ್ಟ್ ಮಾಡಿದ.