ಅರವತ್ತು ಕಿಲೋಗೆ ಎಷ್ಟು ಪೌಂಡು

೧೯೬೨ರ ಫೆಬ್ರವರಿ ೧೨, ಸೋಮವಾರ ಬೆಳಗ್ಗೆ ಎಂಟಕ್ಕೆ ಭೈರಸಂದ್ರದ ಮುನಿಲಕ್ಷ್ಮಮ್ಮ ಜಯನಗರದ ಠಾಣೆಗೆ ಎದೆ ಬಡಿದುಕೊಳ್ಳುತ್ತ ಬಂದಳು. ಒಬ್ಬನೇ ಮಗ, ಪೈಲ್ವಾನ್ ಬೋರಣ್ಣ, ವಾಂತಿ ಭೇದಿಯಾಗಿ ಬೆಳಗಿನ ಜಾವ ತೀರಿಕೊಂಡಿದ್ದ.

"ವಿಲ್ಸನ್ ಗಾರ್ಡನ್ ಪೈಲ್ವಾನನೇ ಸಾರ್ ವಿಷ ಇಕ್ಕಿರೋದು! ನಾಳಿದ್ದು ಕುಸ್ತಿ. ನನ್ ಮಗನ್ನ ಕಂಡ್ರೆ ಅವನಿಗೆ ನಡುಕ. ಅವನ ಮನೆ ಹಾಳಾಗ!"

ಇನ್ಸ್‌ಪೆಕ್ಟರ್ ಗುರುಶಾಂತಪ್ಪ ಎಫ್‌ಐಆರ್ ಬರೆಸಿ, ಹೆಣವನ್ನು ಮರಣೋತ್ತರ ಪರೀಕ್ಷೆಗೆ ಕಳಿಸಿ, ದಫೇದಾರ ಜಯದೇವಪ್ಪನೊಂದಿಗೆ ವಿಲ್ಸನ್ ಗಾರ್ಡನ್‌ಗೆ ಹೋದರು.

"ನಿನ್ನೆ ಎಲ್ಲಿದ್ದೆ?"

"ತಲಘಟ್ಟಪುರದಲ್ಲಿ ಸಾರ್, ಮಾವನ ಮನೆ. ಬೀಗರೂಟ."

"ನೋಡಿದವರು?"

"ಊರೇ ನೋಡಿದೆ."

ದಫೇದಾರ ಸೈಕಲ್ ತುಳಿದು ಹೋಗಿ ವಿಚಾರಿಸಿದ. ಮಾತು ನಿಜವಾಗಿತ್ತು. ಊಟವೂ ಚೆನ್ನಾಗಿತ್ತಂತೆ.

ಸಂಜೆ ಡಾಕ್ಟರ ವರದಿ ಬಂತು. ಜಾಪಾಳದ ಬೀಜ, ಅದೂ ವಿಪರೀತ. ಭೇದಿಗೆಂದು ಹಳ್ಳಿಯವರು ಚೂರೇ ಚೂರು ಕೊಡುವ ಮದ್ದು ಅದು. ಹೊಟ್ಟೆಯಲ್ಲಿ ಅನ್ನದ ಒಂದು ಅಗುಳೂ ಇರಲಿಲ್ಲ.

"ಮಗ ಏನು ತಿಂದಿದ್ದ?" ಎಂದು ತಾಯಿಯನ್ನು ಕೇಳಿದರು.

"ಮೂರು ದಿನದಿಂದ ಮುದ್ದೆ ಮುಟ್ಟಲಿಲ್ಲ. ಕುಸ್ತಿ ಕಲಿಸೋ ವಸ್ತಾದಿ ಬೇಡ ಅಂದವ್ರೆ ಅಂದ."

ಮಾರನೆಯ ದಿನ ಬೋರಣ್ಣನ ಗರಡಿಯಲ್ಲಿ ಪಂಚನಾಮೆ ನಡೆಯಿತು. ಕೆಮ್ಮಣ್ಣಿನ ಅಖಾಡದ ಹಿಂದಿನ ಕೋಣೆಯ ಕಲ್ಲಿನಲ್ಲಿ ಅರೆದ ಜಾಪಾಳ ಇನ್ನೂ ಅಂಟಿತ್ತು. ಗರಡಿಯ ವಸ್ತಾದಿ ಪಿಳ್ಳಪ್ಪ ಮುಚ್ಚಿಡಲಿಲ್ಲ.

"ಅರೆದವರು ಯಾರು?"

"ನಾನೇ."

"ಯಾಕೆ?"

"ತೂಕ ಇಳಿಸೋಕೆ. ಅರವತ್ತು ಕಿಲೋ ಮೀರಂಗಿಲ್ಲ ಅಂತ ಈ ವರ್ಷ ಹೊಸ ಕಾನೂನು. ಕಿಲೋ ಅಂದ್ರೆ ನಮ್ಮ ಪಕ್ಕಾ ಸೇರೇ ತಾನೆ? ಸೇರಿಗೆ ಎರಡು ಪೌಂಡು. ನೂರಿಪ್ಪತ್ತಕ್ಕೆ ಇಳೀಬೇಕಿತ್ತು. ಮಿಷನ್ನು ನೂರ ಮೂವತ್ತೊಂದು ತೋರಿಸ್ತು. ಹನ್ನೊಂದು ಪೌಂಡು ಸಾರ್, ಮೂರೇ ದಿನದಲ್ಲಿ!"

ಗುರುಶಾಂತಪ್ಪನವರೂ ತಲೆಯಾಡಿಸಿದರು. ಅರವತ್ತು ಎರಡಲ ನೂರಿಪ್ಪತ್ತು, ಸರಿಯೇ. ಆದರೆ ಹೇಳಿಕೆ ಬರೆಯುತ್ತ ಹೋದಂತೆ, ಕಿಲೋ ಸೇರಿಗಿಂತ ಹೆಚ್ಚೇನೋ ಎಂಬ ಅನುಮಾನ ಬಂತು. ಮನೆಯಲ್ಲಿ ಸೇರು ಸಕ್ಕರೆ ಕಂಠಮಟ್ಟ ಹಿಡಿಯುತ್ತಿದ್ದ ಡಬ್ಬಿಗೆ ಕಿಲೋ ಸಕ್ಕರೆ ಸುರಿದಾಗ ಚೆಲ್ಲಿಹೋಯಿತೆಂದು ಹೆಂಡತಿ ಕಮಲಾದೇವಿ ಗೊಣಗಿದ್ದು ನೆನಪಾಯಿತು. ಠಾಣೆಗೆ ಬಂದವರೇ ಡಾಕ್ಟರಿಗೆ ಫೋನ್ ಮಾಡಿದರು.

"ಎರಡಲ್ಲ ಇನ್ಸ್‌ಪೆಕ್ಟ್ರೇ, ಎರಡು ಪಾಯಿಂಟ್ ಎರಡು. ಅರವತ್ತು ಕಿಲೋಗೆ ನೂರ ಮೂವತ್ತೆರಡು ಪೌಂಡು."

ಅಯ್ಯೋ ಶಿವನೇ, ಎಂದುಕೊಂಡು ಫೋನ್ ಇಟ್ಟರು.

ಸಂಜೆ ನಾಲ್ಕಕ್ಕೆ ಪಿಳ್ಳಪ್ಪನ ದಸ್ತಗಿರಿಯಾಯಿತು. ಅಜಾಗರೂಕತೆಯಿಂದ ಸಾವು, ೩೦೪-ಎ. ಹೊಸ ಬಡಾವಣೆಯ ರಸ್ತೆ ಅವನ ಗರಡಿಯ ಮೇಲೇ ಹಾದುಹೋಗುವುದಿತ್ತು. ಶಿಷ್ಯ ಗೆದ್ದು ಹೆಸರು ಮಾಡಿದರೆ ದೊಡ್ಡವರು ಗರಡಿ ಉಳಿಸಿಕೊಡುತ್ತಾರೆಂದು ನಂಬಿದ್ದ, ಪಾಪ. ಲೆಕ್ಕವನ್ನು ಯಾರನ್ನೂ ಕೇಳಿರಲಿಲ್ಲ. ವಸ್ತಾದಿ ಕೇಳುವುದುಂಟೇ!

"ನಿನ್ನ ಹುಡುಗ ಮೊದಲೇ ಸರಿಯಾಗಿದ್ದ ಕಣಯ್ಯ," ಎಂದರು ಗುರುಶಾಂತಪ್ಪ. "ಒಂದು ಪೌಂಡು ಕಮ್ಮಿನೇ ಇದ್ದ."

ಪಿಳ್ಳಪ್ಪ ಹೇಳಿದ: "ಭಾನುವಾರ ಅರ್ಧ ಮುದ್ದೆ ಕೇಳಿದ ಸಾರ್. ಬೈದುಬಿಟ್ಟೆ."

ಹೊರಗೆ ಜಗಲಿಯಲ್ಲಿ ಮುನಿಲಕ್ಷ್ಮಮ್ಮ ಇನ್ನೂ ವಿಲ್ಸನ್ ಗಾರ್ಡನ್‌ನವನಿಗೇ ಶಾಪ ಹಾಕುತ್ತಿದ್ದಳು. ದಫೇದಾರನಿಂದ ಹೇಳಿಸಲು ಮನಸ್ಸು ಒಪ್ಪದೆ ಗುರುಶಾಂತಪ್ಪ ತಾವೇ ಎದ್ದುಹೋಗಿ, ಪಕ್ಕದಲ್ಲಿ ಕೂತು, ಎಲ್ಲವನ್ನೂ ಬಿಡಿಸಿ ಹೇಳಿದರು.

ಅವಳು ಬೈಗುಳ ನಿಲ್ಲಿಸಿದಳು. ಆಮೇಲೆ ಕೇಳಿದಳು: "ಹಂಗಾರೆ ಆ ಅರ್ಧ ಮುದ್ದೆ ತಿಂದಿದ್ರೂ ನಡೀತಿತ್ತಾ ಸಾರ್?"

"ನಡೀತಿತ್ತಮ್ಮ."

"ಮಾಡಿಟ್ಟಿದ್ದೆ. ತಿನ್ನಲಿಲ್ಲ ಅಂತ ಎಮ್ಮೆಗೆ ಹಾಕ್ಬಿಟ್ಟೆ," ಎಂದಳು.